ಬಾಗಿಲ ಯಂತ್ರದಲ್ಲಿ ಕೂತ ಸಂಶೋಧಕ

“ಬುದ್ಧಿ, ಕಲಿಯುವವನಿಗೆ ಕಾಯುವುದೂ ಒಂದು ಕೆಲಸವೇ?”

ಹೀಗೆ ಕೇಳಿದವನು ನಂಜೇಶ. ಮಠದ ಶಾಲೆಯಲ್ಲಿ ಓದಿ, ದಾಸೋಹದ ಅನ್ನ ಉಂಡು ಬೆಳೆದವನು. ಈಗ ದೂರದ ಸಂಸ್ಥೆಯೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ. ಸೂಪರ್ ಕಂಪ್ಯೂಟರ್ ನಡೆಸುವುದನ್ನು, ಅದರಲ್ಲಿ ಎಐ ಕೆಲಸ ಮಾಡಿಸುವುದನ್ನು ಹೇಳಿಕೊಡುವ ತರಬೇತಿಯೊಂದಕ್ಕೆ ಸೇರಿದ್ದ. ರಜೆ ಸಿಕ್ಕಿತೆಂದು ಗುರುದರ್ಶನಕ್ಕೆ ಬಂದಿದ್ದ.

ಮಠದ ಸ್ವಾಮಿಗಳನ್ನು ಭಕ್ತರೆಲ್ಲ ಬುದ್ಧಿ ಎಂದೇ ಕರೆಯುತ್ತಾರೆ. ಬೆಳಗಿನ ಲಿಂಗಪೂಜೆ ಮುಗಿಸಿ ಅವರು ತಮ್ಮ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಆ ಕೋಣೆಗೆ ಇರುವುದು ಒಂದೇ ಬಾಗಿಲು. ನಂಜೇಶ ಪಾದಕ್ಕೆರಗಿ, ವಿಭೂತಿ ಧರಿಸಿ, ಹಿಂದೆ ಸರಿದು ಬಾಗಿಲಲ್ಲೇ ಕೂತಿದ್ದ. ಕೈಯಲ್ಲಿ ಫೋನಿತ್ತು.

“ಒಳಗೆ ಬಾರಪ್ಪ” ಎಂದು ಬುದ್ಧಿಯವರು ಮೊದಲೇ ಕರೆದಿದ್ದರು.

“ಇಲ್ಲೇ ಇರ್ತೀನಿ ಬುದ್ಧಿ. ಒಳಗೆ ಬಂದರೆ ಸಿಗ್ನಲ್ ಹೋಗುತ್ತೆ. ಯಂತ್ರದಲ್ಲಿ ನನ್ನ ಕೆಲಸ ಸರದಿಯಲ್ಲಿದೆ. ಎಲ್ಲಿಗೆ ಬಂತು ಅಂತ ನೋಡ್ತಾ ಇರಬೇಕು” ಎಂದಿದ್ದ ನಂಜೇಶ.

ಪ್ರಶ್ನೆ ಕೇಳಿದವನು ಉತ್ತರಕ್ಕೆ ನಿಲ್ಲಲಿಲ್ಲ. ತಾನೇ ಮುಂದುವರಿಸಿದ. “ಕೆಲಸ ಹಾಕಿ ಸುಮ್ಮನೆ ಕೂತಿದ್ದೀನಿ ಬುದ್ಧಿ. ಜೊತೆಯವರು ಮುಂದೆ ಹೋಗ್ತಾ ಇದ್ದಾರೆ. ಒಂದನ್ನು ಕಲಿತು ಮುಗಿಸೋದರೊಳಗೆ ಅದು ಹಳೇದು ಅಂತಾರೆ. ಪಂಚಾಕ್ಷರಿ ಜಪಿಸೋಣ ಅಂತ ಕಣ್ಣು ಮುಚ್ಚಿದರೂ ಕೈ ಫೋನಿನ ಕಡೆಗೇ ಹೋಗುತ್ತೆ. ಈ ತರಬೇತಿ ಬಿಟ್ಟು, ಬೇಗ ಕಲಿಸೋ ಇನ್ನೊಂದು ಕಡೆಗೆ ಸೇರೋಣ ಅನ್ನಿಸಿದೆ. ಇವತ್ತು ಸಂಜೆಯೊಳಗೆ ಅವರಿಗೆ ಹೇಳಬೇಕು. ತಾವು ಹೂಂ ಅಂದರೆ ಇಲ್ಲಿ ಕೂತೇ ನನ್ನ ಕೆಲಸ ರದ್ದು ಮಾಡಿಬಿಡ್ತೀನಿ.”

ಬುದ್ಧಿಯವರು ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.

ಅಷ್ಟರಲ್ಲಿ ಹೂವಿನ ಬುಟ್ಟಿ ಹಿಡಿದ ಅಜ್ಜಿಯೊಬ್ಬರು ಮೆಟ್ಟಿಲು ಹತ್ತಿ ಬಂದರು. ಗುರುಗಳು ಮಾತಿನಲ್ಲಿರುವುದನ್ನು ಕಂಡು ನಂಜೇಶನ ಹಿಂದೆ, ಕಂಬದ ಪಕ್ಕದಲ್ಲಿ ನಿಂತರು.

“ಅಂಥದೊಂದು ಯಂತ್ರವನ್ನು ನೋಡಿಕೊಳ್ಳುವವರು ನಮ್ಮ ಭಕ್ತರಲ್ಲಿ ಒಬ್ಬರಿದ್ದಾರೆ” ಎಂದರು ಬುದ್ಧಿಯವರು. “ಅವರು ಹೇಳಿದ ಸಂಗತಿ ಒಂದಿದೆ. ನನಗೆ ತಿಳಿದಷ್ಟು ಹೇಳುತ್ತೇನೆ. ಎಲ್ಲಾದರೂ ತಪ್ಪಿದರೆ ತಿದ್ದು.”

ನಂಜೇಶ ಫೋನನ್ನು ಮಂಡಿಯ ಮೇಲೆ ಇಟ್ಟುಕೊಂಡ. ಬುದ್ಧಿಯವರು ಹೇಳಿದ ಕತೆ ಇದು.

ಒಬ್ಬ ಸಂಶೋಧಕನಿದ್ದ. ಹೊಲದ ಬದುಗಳಲ್ಲಿ, ಹಾಳು ಗುಡಿಗಳಲ್ಲಿ, ಕೆರೆಯ ಏರಿಗಳಲ್ಲಿ ನಿಂತಿರುವ ಶಾಸನದ ಕಲ್ಲುಗಳನ್ನು ಹುಡುಕಿ ಚಿತ್ರ ತೆಗೆಯುವುದು ಅವನ ಕೆಲಸ. ಗಾಳಿಗೂ ಮಳೆಗೂ ಸವೆದುಹೋದ ಅಕ್ಷರಗಳನ್ನು ಓದಲು ಯಂತ್ರಕ್ಕೆ ಕಲಿಸಬೇಕು ಎಂಬುದು ಅವನ ಆಸೆ. ಆಸೆ ಒಳ್ಳೆಯದೇ. ಹಿರಿಯರು ಕಲ್ಲಿಗೆ ಒಪ್ಪಿಸಿ ಹೋದ ಮಾತನ್ನು ಮತ್ತೆ ಜನಕ್ಕೆ ಕೇಳಿಸುವುದು ಪುಣ್ಯದ ಕೆಲಸ. ಆದರೆ ಚಿತ್ರಗಳು ರಾಶಿ ಬಿದ್ದಿದ್ದವು. ಅಷ್ಟನ್ನೂ ತನ್ನ ಲ್ಯಾಪ್‌ಟಾಪಿಗೆ ಕಲಿಸಲು ಕೂತರೆ ಅದು ಕಲಿಯುವ ಹೊತ್ತಿಗೆ ಅವನ ತಲೆ ನರೆಯುತ್ತಿತ್ತು.

ದೊಡ್ಡ ಸಂಸ್ಥೆಯೊಂದರಲ್ಲಿ ದೊಡ್ಡ ಯಂತ್ರವಿತ್ತು. ನೋಡಿದರೆ ಒಂದು, ಎಣಿಸಿದರೆ ಸಾವಿರಾರು ಯಂತ್ರಗಳು. ಅಷ್ಟನ್ನೂ ಒಂದೇ ನೊಗಕ್ಕೆ ಕಟ್ಟಿದ್ದರು. ಅದನ್ನು ಬಳಸಲು ಕಲಿಸುವ ತರಬೇತಿಗೆ ಸಂಶೋಧಕ ಹೋದ. ವಿದ್ಯಾರ್ಥಿಗಳು, ಅಧ್ಯಾಪಕರು, ನಾನಾ ಕಡೆಯವರು ಬಂದಿದ್ದರು. ಕೊನೆಯ ದಿನ ಸಂಜೆ ಪ್ರತಿಯೊಬ್ಬರೂ ಆ ಯಂತ್ರದಲ್ಲಿ ತಾವು ನಡೆಸಿ ಮುಗಿಸಿದ ಒಂದು ಕೆಲಸವನ್ನು ತೋರಿಸಬೇಕು. ತೋರಿಸಿದವರಿಗೆ ಮುಂದಿನ ಒಂದು ವರ್ಷ ಯಂತ್ರ ಬಳಸಲು ಅನುಮತಿ. ತೋರಿಸದವರಿಗೆ ಇಲ್ಲ. ಸಂಶೋಧಕನಿಗೆ ಆ ಅನುಮತಿ ಬೇಕೇ ಬೇಕಿತ್ತು. ಅದು ಇಲ್ಲವಾದರೆ ಅವನು ಬಿಸಿಲಲ್ಲಿ ಅಲೆದು ತಂದ ಚಿತ್ರಗಳೆಲ್ಲ ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದವು.

ಆ ದೊಡ್ಡ ಯಂತ್ರದ ಬಳಿಗೆ ಯಾರೂ ನೇರವಾಗಿ ಹೋಗುವಂತಿಲ್ಲ. ಅದರ ಮುಂದೆ ಒಂದು ಸಣ್ಣ ಯಂತ್ರವಿರುತ್ತದೆ. ಅದು ಬಾಗಿಲು.

“ಲಾಗಿನ್ ನೋಡ್ ಅಂತಾರೆ ಬುದ್ಧಿ” ಎಂದ ನಂಜೇಶ.

“ಹೆಸರು ಏನಾದರೂ ಇರಲಪ್ಪ. ಎಲ್ಲರೂ ಅದರ ಮೂಲಕವೇ ಒಳಗೆ ಹೋಗಬೇಕು ತಾನೆ?”

“ಹೌದು. ಅದೊಂದೇ ದಾರಿ.”

“ಹಾಗಾದರೆ ಬಾಗಿಲೇ” ಎಂದು ಬುದ್ಧಿಯವರು ಕತೆ ಮುಂದುವರಿಸಿದರು.

ಬಾಗಿಲಲ್ಲಿ ನಿಂತು, ತನಗೆ ಬೇಕಾದ ಕೆಲಸ ಏನು, ಎಷ್ಟು ಯಂತ್ರ ಬೇಕು, ಎಷ್ಟು ಹೊತ್ತು ಬೇಕು ಎಂದು ಒಂದು ಚೀಟಿ ಬರೆದು ಒಳಗೆ ಕಳಿಸಬೇಕು. ಒಳಗೆ ಸರದಿ ನೋಡಿಕೊಳ್ಳುವ ವ್ಯವಸ್ಥೆಯೊಂದಿರುತ್ತದೆ. ಅದು ದೊಡ್ಡವರು ಚಿಕ್ಕವರು ಎಂದು ಮುಖ ನೋಡುವುದಿಲ್ಲ. ಕಾದ ಹೊತ್ತನ್ನೆಲ್ಲ ಕಾದವನ ಹೆಸರಿಗೆ ಸೇರಿಸುತ್ತ ಹೋಗುತ್ತದೆ. ಹೆಚ್ಚು ಕಾದವನು ಮುಂದೆ ಬರುತ್ತಾನೆ. ನಡುವೆ ಚೀಟಿ ಹಿಂದಕ್ಕೆ ತೆಗೆದುಕೊಂಡರೆ ಕಾದದ್ದೆಲ್ಲ ಹೋಯಿತು. ಮತ್ತೆ ಎಲ್ಲರ ಹಿಂದೆ.

ಮೊದಲ ದಿನವೇ ಯಂತ್ರ ನೋಡಿಕೊಳ್ಳುವವರು ಬಂದು ಹೇಳಿದರು. “ಬಾಗಿಲಲ್ಲಿ ನಿಂತು ಚೀಟಿ ಬರೆಯಿರಿ. ಕೆಲಸ ಮುಗಿದಿದೆಯೇ ನೋಡಿ. ಅಷ್ಟು ಮಾಡಿ ಪಕ್ಕಕ್ಕೆ ಬನ್ನಿ. ದೊಡ್ಡ ಕೆಲಸವನ್ನು ಬಾಗಿಲ ಯಂತ್ರದಲ್ಲಿ ಮಾತ್ರ ಹೂಡಬೇಡಿ. ಅಲ್ಲಿ ಒಬ್ಬರು ಒಲೆ ಹಚ್ಚಿ ಕೂತರೆ ಉಳಿದವರು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ.”

ಎಲ್ಲರೂ ತಲೆಯಾಡಿಸಿದರು. ಸಂಶೋಧಕನೂ ತಲೆಯಾಡಿಸಿದ.

ಇಲ್ಲಿ ನಂಜೇಶ ಸಣ್ಣಗೆ ನಕ್ಕ. “ಹೊಸಬರು ಮಾಡೋ ತಪ್ಪು ಬುದ್ಧಿ ಅದು. ಕಲಿತವರು ಯಾರೂ ಬಾಗಿಲಲ್ಲಿ ಕೂರೋದಿಲ್ಲ.”

“ಹೌದೇನಪ್ಪ?” ಎಂದರು ಬುದ್ಧಿಯವರು. “ಒಳ್ಳೆಯದು.”

ಸಂಶೋಧಕನ ಪಕ್ಕದ ಜಾಗದಲ್ಲಿ ಒಬ್ಬ ಉಪನ್ಯಾಸಕಿ ಕೂತಿದ್ದಳು. ವಯಸ್ಸಿನಲ್ಲಿ ಅವನಿಗಿಂತ ಹಿರಿಯಳು. ಮಳೆ ಎಲ್ಲಿ ಎಷ್ಟು ಬಿದ್ದರೆ ಹೊಳೆ ಯಾವಾಗ ಉಕ್ಕುತ್ತದೆ ಎಂದು ಯಂತ್ರದಿಂದ ಹೇಳಿಸುವುದು ಅವಳ ಕೆಲಸ. ಇಬ್ಬರೂ ಹೊಸಬರು. ಇಬ್ಬರೂ ಒಂದೇ ದಿನ ಚೀಟಿ ಕಳಿಸಬೇಕಿತ್ತು. ಸಂಶೋಧಕ ಕೂಡಲೇ ಕಳಿಸಿದ. ಅವಳು ಕಳಿಸಲಿಲ್ಲ. ತನ್ನ ಮಾಹಿತಿಯ ರಾಶಿಯಿಂದ ಒಂದಿಷ್ಟನ್ನು ತೆಗೆದುಕೊಂಡು ತನ್ನ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಿದಳು. ಅದು ತಪ್ಪಿತು. ತಿದ್ದಿದಳು. ಮತ್ತೆ ತಪ್ಪಿತು.

ಸಂಶೋಧಕ ಇಣುಕಿ ನೋಡಿದ. “ಏನಕ್ಕಾ, ಸಾವಿರ ಒಲೆ ಉರಿಯೋ ಜಾಗಕ್ಕೆ ಬಂದು ಮುಷ್ಟಿ ಅಕ್ಕಿ ಬೇಯಿಸ್ತಾ ಇದ್ದೀರಿ?”

“ಅಗುಳು ಬೆಂದಿದೆಯಾ ಅಂತ ಹಿಚುಕಿ ನೋಡ್ತಾ ಇದ್ದೀನಿ ತಮ್ಮಾ. ಹಂಡೆ ಇಳಿಸಿದ ಮೇಲೆ ಗೊತ್ತಾದರೆ ಏನು ಪ್ರಯೋಜನ?”

“ಹಿಚುಕ್ತಾ ಇರಿ. ಅಷ್ಟರೊಳಗೆ ನಾವು ಉಂಡು ಕೈ ತೊಳೆದಿರ್ತೀವಿ.”

“ತೊಳೀಯಪ್ಪ. ಎಲೆ ಮಾತ್ರ ನೀನೇ ಎತ್ತು” ಎಂದಳು ಉಪನ್ಯಾಸಕಿ. ಸಂಜೆಯ ಹೊತ್ತಿಗೆ ಅವಳ ತಪ್ಪುಗಳು ಮುಗಿದವು. ಆಗ ಚೀಟಿ ಬರೆದು ಕಳಿಸಿದಳು. ಮತ್ತೆ ಅದರ ಕಡೆಗೆ ನೋಡಲಿಲ್ಲ. ಮರುದಿನದ ಪಾಠ ಓದುತ್ತ ಕೂತಳು.

ಸಂಶೋಧಕನಿಗೆ ಕೂರಲಾಗಲಿಲ್ಲ. ಚೀಟಿ ಎಲ್ಲಿಗೆ ಬಂತು ಎಂದು ನೋಡಿದ. ಇದ್ದಲ್ಲೇ ಇತ್ತು. ನೀರು ಕುಡಿದು ಬಂದು ನೋಡಿದ. ಅಲ್ಲೇ ಇತ್ತು. ಪಾಠ ಹೇಳುವವರು ಮುಖ್ಯವಾದುದನ್ನೇ ಹೇಳುತ್ತಿದ್ದರು. ಅವನ ಕಿವಿ ಅಲ್ಲಿತ್ತು, ಕಣ್ಣು ಸರದಿಯಲ್ಲಿತ್ತು. ಎರಡೂ ಕಡೆಯಿಂದ ಅವನಿಗೆ ಏನೂ ದೊರೆಯಲಿಲ್ಲ.

ಅವನಿಗೆ ಒಂದು ಯೋಚನೆ ಬಂತು. ಹೆಚ್ಚು ಯಂತ್ರ ಕೇಳಿದ್ದಕ್ಕೆ ತಡವಾಗುತ್ತಿರಬಹುದು. ಚೀಟಿ ಹಿಂದಕ್ಕೆ ತೆಗೆದುಕೊಂಡ. ಕಡಿಮೆ ಯಂತ್ರ ಕೇಳಿ ಹೊಸ ಚೀಟಿ ಹಾಕಿದ. ಮಾರನೆಯ ದಿನ ಇನ್ನೊಂದು ಯೋಚನೆ ಬಂತು. ಹೆಚ್ಚು ಹೊತ್ತು ಕೇಳಿದ್ದಕ್ಕೆ ತಡವಾಗುತ್ತಿರಬಹುದು. ಮತ್ತೆ ಚೀಟಿ ತೆಗೆದ. ಮತ್ತೆ ಹಾಕಿದ. ಪ್ರತಿ ಸಲವೂ ಕಾದದ್ದೆಲ್ಲ ಅಳಿಸಿಹೋಯಿತು. ಬಸ್ಸಿಗೆ ಕಾಯುವವನು ಈ ಸಾಲು ಬಿಟ್ಟು ಆ ಸಾಲಿಗೆ, ಆ ಸಾಲು ಬಿಟ್ಟು ಈ ಸಾಲಿಗೆ ಓಡಿದಂತೆ ಆಯಿತು. ಅವನ ಕಾಲು ನೋಯುತ್ತದೆ. ಬಸ್ಸು ಹತ್ತುವುದಿಲ್ಲ.

ಕತೆ ಹೇಳುತ್ತಿದ್ದ ಬುದ್ಧಿಯವರು ಒಂದು ಕ್ಷಣ ನಿಲ್ಲಿಸಿದರು. ನಂಜೇಶ ಫೋನು ನೋಡುತ್ತಿದ್ದ. ಮಾತು ನಿಂತದ್ದು ತಿಳಿದು ತಲೆಯೆತ್ತಿದ. “ಕೇಳ್ತಾ ಇದ್ದೀನಿ ಬುದ್ಧಿ” ಎಂದ.

ಅವನ ಹಿಂದೆ ಈಗ ಕೂಸನ್ನೆತ್ತಿಕೊಂಡ ಗಂಡ ಹೆಂಡತಿ ಬಂದು ನಿಂತಿದ್ದರು. ಕೂಸಿಗೆ ಗುರುಗಳ ಕೈಯಿಂದ ವಿಭೂತಿ ಹಚ್ಚಿಸಲು ಬಂದವರು. ಕೂಸು ಕೊಸರಾಡುತ್ತಿತ್ತು. ತಾಯಿ ಅದನ್ನು ತಟ್ಟುತ್ತ ಸುಮ್ಮನಿರಿಸಿದಳು. ದೊಡ್ಡ ಓದು ಓದುವವನು ಗುರುಗಳ ಜೊತೆ ಮಾತಾಡುತ್ತಿದ್ದಾನೆಂದು ಯಾರೂ ಏನೂ ಅನ್ನಲಿಲ್ಲ.

ಬುದ್ಧಿಯವರು ಮತ್ತೆ ಹೇಳತೊಡಗಿದರು.

ಕೊನೆಯ ದಿನ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಸಂಶೋಧಕನ ಚೀಟಿ ಎಲ್ಲರಿಗಿಂತ ಹಿಂದಿತ್ತು. ಸಂಜೆಗೆ ತೋರಿಸಲು ಏನೂ ಇಲ್ಲ. ಆಗ ಅವನ ಮನಸ್ಸು ಒಂದು ಮಾತು ಹೇಳಿತು. ಈ ಬಾಗಿಲ ಯಂತ್ರವೂ ಯಂತ್ರವೇ ತಾನೆ. ಸ್ವಲ್ಪ ಹೊತ್ತು ಇಲ್ಲೇ ಕೆಲಸ ಹೂಡಿದರೆ ಯಾರಿಗೆ ಏನು ನಷ್ಟ?

ಮನಸ್ಸು ಕೆಟ್ಟದ್ದನ್ನು ಹೇಳುವಾಗ ಸ್ವಲ್ಪ ಹೊತ್ತು ಎಂದೇ ಹೇಳುತ್ತದೆ.

ಅವನು ಬಾಗಿಲ ಯಂತ್ರದಲ್ಲಿ ತನ್ನ ಇಡೀ ಕೆಲಸವನ್ನು ಹೂಡಿದ. ನಾನು ಎದ್ದು ಹೋದರೂ ನೀನು ನಡೆಯುತ್ತಿರು ಎಂದು ಅಪ್ಪಣೆ ಕೊಟ್ಟ. ತೆರೆಯ ಮೇಲೆ ಏನೂ ಕಾಣಲಿಲ್ಲ. ಅಪ್ಪಣೆ ತಲುಪಿಲ್ಲವೇನೋ ಎಂದು ಮತ್ತೊಮ್ಮೆ ಕೊಟ್ಟ. ಆಗಲೂ ಕಾಣಲಿಲ್ಲ. ಇನ್ನೊಮ್ಮೆ ಕೊಟ್ಟ. ತೆರೆ ಕಲ್ಲಿನಂತೆ ನಿಂತುಬಿಟ್ಟಿತು. ಇದು ಆಗುವ ಮಾತಲ್ಲ ಎಂದು ಬೇಸರದಿಂದ ಮುಚ್ಚಿ ಎದ್ದು ಹೋದ. ಕೆಲಸ ಶುರುವೇ ಆಗಲಿಲ್ಲ ಎಂದುಕೊಂಡ.

ಅಪ್ಪಣೆ ಕೊಟ್ಟವನು ಮರೆತ. ಯಂತ್ರ ಮರೆಯಲಿಲ್ಲ. ಅವನ ಮೂರು ಅಪ್ಪಣೆಗಳೂ ಬಾಗಿಲಲ್ಲಿ ಒಟ್ಟಿಗೆ ನಡೆಯತೊಡಗಿದವು.

ಮೊದಲು ಒಬ್ಬಳು ವಿದ್ಯಾರ್ಥಿನಿ ಅಂದಳು, “ಅಕ್ಷರ ಒತ್ತಿದರೆ ಮೂಡೋಕೇ ಇಷ್ಟು ಹೊತ್ತು ಯಾಕೆ?” ಆಮೇಲೆ ಇನ್ನೊಬ್ಬ ಅಂದ, “ನನಗೆ ಒಳಗೇ ಬಿಡ್ತಾ ಇಲ್ಲ.” ಮಧ್ಯಾಹ್ನದ ಹೊತ್ತಿಗೆ ಯಾರಿಗೂ ಬಾಗಿಲು ತೆರೆಯಲಿಲ್ಲ. ಕೊಠಡಿಯಲ್ಲಿ ಗುಜುಗುಜು ಎದ್ದಿತು. ತಿದ್ದಿದ ಚೀಟಿ ಕೈಯಲ್ಲಿ ಹಿಡಿದವರು ಒಳಗೆ ಕಳಿಸಲಾರದೆ ಕೂತರು. ಸಂಶೋಧಕನೂ ಅವರ ಜೊತೆ ಸೇರಿ ಗೊಣಗಿದ. “ನಮ್ಮ ಹಣೆಬರಹ ನೋಡಿ. ಕೊನೆಯ ದಿನವೇ ಹೀಗಾಗಬೇಕಾ?”

ಒಳಗೆ ಏನಾಗಿತ್ತೆಂದರೆ, ಹಳೆಯ ಕೆಲಸಗಳು ಒಂದೊಂದಾಗಿ ಮುಗಿಯುತ್ತ ಬಂದಿದ್ದವು. ಹೊಸ ಚೀಟಿ ಬರುತ್ತಿರಲಿಲ್ಲ. ದೊಡ್ಡ ಯಂತ್ರ ಅರ್ಧ ಖಾಲಿ ನಿಂತಿತ್ತು. ಕೆಲಸ ಕೊಡುವವರೆಲ್ಲ ಹೊರಗಿದ್ದರು.

ಹೀಗಾಗಿ ಎಲ್ಲರಿಗಿಂತ ಹಿಂದಿದ್ದ ಸಂಶೋಧಕನ ಚೀಟಿಗೂ ಸರದಿ ಬಂತು. ಅವನ ಫೋನಿಗೆ ಸುದ್ದಿ ಬಂತು: ನಿಮ್ಮ ಕೆಲಸ ಶುರುವಾಗಿದೆ. ಅವನು ಶಿವಾ ಎಂದು ಕೈ ಮುಗಿದ. ಮುಗಿದ ಕೈ ಇಳಿಸುವುದರೊಳಗೆ ಇನ್ನೊಂದು ಸುದ್ದಿ ಬಂತು: ನಿಮ್ಮ ಕೆಲಸ ನಿಂತಿದೆ, ಚಿತ್ರಗಳು ಹೇಳಿದ ಜಾಗದಲ್ಲಿ ಇಲ್ಲ. ಅವಸರದಲ್ಲಿ ಚೀಟಿ ತೆಗೆದು ಹಾಕುವಾಗ ಚಿತ್ರಗಳಿರುವ ಜಾಗದ ಹೆಸರನ್ನು ತಪ್ಪಾಗಿ ಬರೆದಿದ್ದ. ಮುಷ್ಟಿಯಷ್ಟನ್ನು ಓಡಿಸಿ ನೋಡಿದ್ದರೆ ಅದು ಮೊದಲೇ ಸಿಕ್ಕುತ್ತಿತ್ತು.

ಆದರೂ ಕೆಟ್ಟದ್ದೇನೂ ಆಗಿರಲಿಲ್ಲ. ಒಂದೇ ಸಾಲು ತಿದ್ದಬೇಕು. ಒಳಗೆ ಜಾಗ ಖಾಲಿಯಿದೆ. ತಿದ್ದಿ ಕಳಿಸಿದರೆ ಕೂಡಲೇ ನಡೆಯುತ್ತದೆ, ಸಂಜೆಗೆ ಮುಗಿಯುತ್ತದೆ. ಇಷ್ಟು ದಿನ ಅವನು ಯಾವುದಕ್ಕೆ ಹಂಬಲಿಸಿದ್ದನೋ ಅದು ಕೈಗೆಟುಕುವಷ್ಟು ಹತ್ತಿರ ಬಂದಿತ್ತು.

ಅವನು ಬಾಗಿಲು ತಟ್ಟಿದ. ತೆರೆಯಲಿಲ್ಲ. ಪಕ್ಕದವರ ಲ್ಯಾಪ್‌ಟಾಪಿನಿಂದ ತಟ್ಟಿದ. ತೆರೆಯಲಿಲ್ಲ. ಅವನು ಕೀಲಿಗಳನ್ನು ಗುದ್ದುವುದನ್ನು ಉಪನ್ಯಾಸಕಿ ನೋಡಿದಳು. “ತಮ್ಮಾ, ಹೋಗಿ ಯಂತ್ರ ನೋಡಿಕೊಳ್ಳೋರನ್ನ ಕೇಳು. ಇಲ್ಲಿ ಗುದ್ದಿದರೆ ಲ್ಯಾಪ್‌ಟಾಪ್ ಒಡೀತದೆ ಅಷ್ಟೆ” ಎಂದಳು.

ಸಂಶೋಧಕ ಓಡಿದ. ಯಂತ್ರ ನೋಡಿಕೊಳ್ಳುವವರ ಕೋಣೆಗೆ ನುಗ್ಗಿದ. ಒಳಗಿನದನ್ನು ನೋಡಲು ಅವರಿಗೆ ಬೇರೆ ದಾರಿಯಿತ್ತು. ಅವರು ಆಗಲೇ ತೆರೆಯ ಮುಂದೆ ಕೂತಿದ್ದರು.

“ಸಾರ್, ಬಾಗಿಲಲ್ಲಿ ಯಾರೋ ಮಹಾನುಭಾವ ಅಡ್ಡ ಕೂತಿದ್ದಾನೆ. ನನಗೆ ಒಂದೇ ಒಂದು ಸಾಲು ತಿದ್ದಬೇಕು, ಬಿಡ್ತಾ ಇಲ್ಲ. ಇಷ್ಟು ಜನ ಕಾಯ್ತಾ ಇದ್ದಾರೆ ಅನ್ನೋ ಪರಿವೆ ಬೇಡವಾ? ಅವನನ್ನು ಮೊದಲು ಎಬ್ಬಿಸಿ ಸಾರ್. ಇಂಥವರಿಗೆ ಅನುಮತಿಯನ್ನೇ ಕೊಡಬಾರದು.”

“ನಿಮ್ಮ ಹೆಸರು?” ಎಂದು ಅವರು ಕೇಳಿದರು.

ಸಂಶೋಧಕ ಹೇಳಿದ.

ಅವರು ತೆರೆಯನ್ನು ಅವನ ಕಡೆಗೆ ತಿರುಗಿಸಿದರು. ಬಾಗಿಲನ್ನು ಹಿಡಿದು ಕೂತವರ ಹೆಸರು ಅಲ್ಲಿತ್ತು. ಮೊದಲ ಸಾಲಿನಲ್ಲಿ ಅವನ ಹೆಸರು. ಅದರ ಕೆಳಗೆ ಅವನ ಹೆಸರು. ಅದರ ಕೆಳಗೂ ಅವನದೇ.

ಉಪನ್ಯಾಸಕಿಯ ಚೀಟಿ ಕಳಿಸಿದಾಗಿನಿಂದ ಒಳಗೇ ಇತ್ತು. ಬಾಗಿಲು ಮುಚ್ಚಿದ್ದರೂ ತೆರೆದಿದ್ದರೂ ಅದಕ್ಕೆ ಆಗಬೇಕಾದ್ದೇನಿರಲಿಲ್ಲ. ಮಧ್ಯಾಹ್ನ ಅದರ ಸರದಿ ಬಂದಿತ್ತು, ಕೆಲಸ ಮುಗಿದಿತ್ತು. ಬಾಗಿಲು ತೆರವಾದ ಮೇಲೆ ಅವಳು ಒಳಗೆ ಹೋಗಿ ಫಲವನ್ನು ತೆಗೆದುಕೊಂಡು ಬಂದಳು.

ಬುದ್ಧಿಯವರು ಅಲ್ಲಿಗೆ ಕತೆ ನಿಲ್ಲಿಸಿದರು.

ಅಜ್ಜಿಯ ಬುಟ್ಟಿಯಲ್ಲಿ ಹೂವು ಬಾಡತೊಡಗಿತ್ತು. ಕೂಸು ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅವರ ಹಿಂದೆ ಮತ್ತೆ ಯಾರು ಯಾರೋ ಬಂದು, ಮೆಟ್ಟಿಲ ಕೆಳಗಿನವರೆಗೂ ಕೈ ಜೋಡಿಸಿ ನಿಂತಿದ್ದರು.

ನಂಜೇಶನಿಗೆ ತಡೆಯಲಾಗಲಿಲ್ಲ. ಅವನ ಹೆಬ್ಬೆರಳು ಫೋನಿನ ಮೇಲೆಯೇ ಇತ್ತು.

“ಆಮೇಲೆ ಏನಾಯ್ತು ಬುದ್ಧಿ? ಅವನಿಗೆ ಅನುಮತಿ ಸಿಕ್ಕಿತಾ?”

ಬುದ್ಧಿಯವರು ಅವನ ಭುಜದಾಚೆಗೆ ನೋಡಿದರು. ಕೈಯೆತ್ತಿ ಹರಸಿ, ಮೆಲ್ಲನೆ ಹೇಳಿದರು:

“ಸ್ವಲ್ಪ ಸರಿ ಮಗು, ಅವರೂ ಒಳಗೆ ಬರಲಿ.”